ವ್ಯಸನಮುಕ್ತರ ಮರು ಉದ್ಯೋಗ ಮತ್ತು ಕಾನೂನು: ಕುಂತೂರು, ಕೊಳ್ಳೇಗಾಲ ಪ್ರದೇಶ

ಕುಡಿತ ಅಥವಾ ಮಾದಕ ವಸ್ತುಗಳ ಚಟದಿಂದ ಹೊರಬಂದವರು ಮತ್ತೆ ಕೆಲಸಕ್ಕೆ ಸೇರಲು ನೆರವಾಗುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಆ ನೆರವು ಕಾರ್ಮಿಕ, ಆರೋಗ್ಯ, ಅಂಗವಿಕಲರ ಹಕ್ಕು ಮತ್ತು ಮಾದಕವಸ್ತು ಕಾಯ್ದೆಗಳಲ್ಲಿ ತುಣುಕು ತುಣುಕಾಗಿ ಹಂಚಿಹೋಗಿದೆ. ಪಾನನಿಷೇಧದ ಚರಿತ್ರೆಯನ್ನೇ ಇದರ ಚರಿತ್ರೆಯೆಂದು ಬರೆಯುವ ರೂಢಿಯೂ ಇದೆ. ಎರಡೂ ಬೇರೆ. ಕೊಳ್ಳೇಗಾಲ ತಾಲ್ಲೂಕಿನ ಕುಂತೂರು ಸಕ್ಕರೆ ಕಾರ್ಖಾನೆಯ ಊರು. ಅಲ್ಲಿ ನಿಂತು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಪಾನನಿಷೇಧದ ಕಾಲ

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರು ಮೈಸೂರಿನದಾಗಿತ್ತು. ರಾಜಾಜಿ ಸರ್ಕಾರ 1937ರ ಅಕ್ಟೋಬರ್ 1ರಂದು ಸೇಲಂನಲ್ಲಿ ಆರಂಭಿಸಿದ ಪಾನನಿಷೇಧ 1948ರಲ್ಲಿ ಇಡೀ ಮದ್ರಾಸ್ ಪ್ರಾಂತ್ಯವನ್ನು ವ್ಯಾಪಿಸಿತು. ಆ ಕಾಲದ ‘ಪುನರ್ವಸತಿ’ ಕೆಲಸ ಕಳೆದುಕೊಂಡ ಕಳ್ಳು ಇಳಿಸುವವರಿಗೆ ಮೀಸಲಾಗಿತ್ತು: ಅವರನ್ನು ಬೆಲ್ಲ ತಯಾರಿಸುವ ಸಹಕಾರ ಸಂಘಗಳಿಗೆ ಸೇರಿಸಲಾಯಿತು. ಕುಡಿತ ಬಿಟ್ಟವರ ಜೀವನೋಪಾಯ ಅದರ ವ್ಯಾಪ್ತಿಗೆ ಬರಲಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಂದು ಜಾರಿಯಾದ ಸಾರಾಯಿ ನಿಷೇಧವೂ ಮಾರಾಟವನ್ನು ಕುರಿತದ್ದು.

ರಾಷ್ಟ್ರೀಯ ಕಾಯ್ದೆಗಳ ಪೈಕಿ 1985ರ ಮಾದಕವಸ್ತು (ಎನ್‌ಡಿಪಿಎಸ್) ಕಾಯ್ದೆಯ 4ನೇ ಕಲಂ ವ್ಯಸನಿಗಳ ಪುನರ್ವಸತಿ ಹಾಗೂ ಸಮಾಜಕ್ಕೆ ಮರುಸೇರ್ಪಡೆಯನ್ನು ಹೆಸರಿಸಿತು. ಅದೇ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ಪಾರಾಗುತ್ತಾನೆ. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಆ ರಕ್ಷಣೆ ಹಿಂತೆಗೆಯಬಹುದು. ಶಿಕ್ಷೆಯ ದಾಖಲೆ ಇಲ್ಲದಿರುವುದು ಕೆಲಸ ಹುಡುಕುವವನಿಗೆ ದೊಡ್ಡ ಅನುಕೂಲ. ಆದರೆ ಮದ್ಯ ಈ ಕಾಯ್ದೆಯ ಹೊರಗಿದೆ.

ಕಾರ್ಖಾನೆಯ ಗೇಟಿನಲ್ಲಿ

ಕುಡಿತದ ಕಾರಣಕ್ಕೆ ಕೆಲಸ ಹೋಗುವುದು ಬಹಳ ಸಲ ಗೈರುಹಾಜರಿಯ ಹೆಸರಿನಲ್ಲಿ. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ (ಕಾರ್ಖಾನೆಯ ಸೇವಾ ನಿಯಮಗಳ) ಕಾಯ್ದೆಯಡಿಯ ಕೇಂದ್ರದ ಮಾದರಿ ಆದೇಶಗಳು ರಜೆಯಿಲ್ಲದೆ ಸತತ 10 ದಿನ ಮೀರಿ ಬಾರದಿರುವುದನ್ನು ದುರ್ನಡತೆ ಎಂದವು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ 8 ದಿನಗಳದ್ದು. ಅದನ್ನು ಮುಗಿಸಿ ಬಂದವರು ನವಜೀವನ ಸಮಿತಿಗೆ ಸೇರುತ್ತಾರೆ. ಶಿಬಿರದ ಅವಧಿ 10 ದಿನಗಳ ಮಿತಿಯೊಳಗೆ ನಿಲ್ಲುತ್ತದೆ. ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕಾದವರು ರಜೆ ಮಂಜೂರು ಮಾಡಿಸಿಕೊಳ್ಳದಿದ್ದರೆ ವಿಚಾರಣೆ ಎದುರಿಸಬೇಕು.

ಇಂಥ ಸಂದರ್ಭದಲ್ಲಿ ಅತ್ಯಂತ ಗಟ್ಟಿ ರಕ್ಷಣೆ 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯಲ್ಲಿತ್ತು. ವೈದ್ಯರು ಅನಾರೋಗ್ಯವೆಂದು ಪ್ರಮಾಣೀಕರಿಸಿ ಕಾಯಿಲೆ ಭತ್ಯೆ ಸಿಗುತ್ತಿರುವ ಅವಧಿಯಲ್ಲಿ ನೌಕರನನ್ನು ವಜಾ ಮಾಡುವಂತಿಲ್ಲ ಎಂದು 73ನೇ ಕಲಂ ಹೇಳಿತು. ಆದರೆ ಋತುಮಾನದ ಕಾರ್ಖಾನೆಗಳಿಗೆ ಕಾಯ್ದೆಯಿಂದ ವಿನಾಯಿತಿ ಇತ್ತು. ಸಕ್ಕರೆ ತಯಾರಿಕೆಯನ್ನಷ್ಟೇ ನಡೆಸುವ ಕಾರ್ಖಾನೆಗಳು ಆ ಪಟ್ಟಿಯಲ್ಲಿದ್ದವು. ಈ ವಿಷಯದ ಬರಹಗಳು ಗಮನಿಸದೆ ಬಿಡುವ ಅಂಶವಿದು. ಸಕ್ಕರೆ ಸೀಮೆಯ ಕಾರ್ಮಿಕನಿಗೆ ಮಾತ್ರ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ.

ಮೇಸ್ತ್ರಿಯಿಂದ ಮುಂಗಡ ಪಡೆದು ಗುಂಪಿನಲ್ಲಿ ಕಬ್ಬು ಕಡಿಯುವವರಿಗೆ ಸ್ಟ್ಯಾಂಡಿಂಗ್ ಆರ್ಡರ್ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಅವರಿಗೆ ಹೆಚ್ಚು ಒದಗಿದ್ದು ವ್ಯಸನದ ಪ್ರಸ್ತಾಪವನ್ನೇ ಮಾಡದ 2005ರ ಉದ್ಯೋಗ ಖಾತರಿ ಕಾಯ್ದೆ. ಜಾಬ್ ಕಾರ್ಡ್ ಇರುವ ಕುಟುಂಬದವರು ಅರ್ಜಿ ಕೊಟ್ಟರೆ 15 ದಿನದೊಳಗೆ ಕೆಲಸ ಕೊಡಬೇಕೆಂದ ಅದು ಅರ್ಜಿದಾರನ ಪೂರ್ವಾಪರ ಕೇಳಲಿಲ್ಲ.

ವ್ಯಾಖ್ಯೆಯ ವಿವಾದ

2016ರ ಡಿಸೆಂಬರಿನ ಅಂಗವಿಕಲರ ಹಕ್ಕುಗಳ ಕಾಯ್ದೆ, 2017ರ ಏಪ್ರಿಲಿನ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಎರಡೂ ಮಾನಸಿಕ ಅಸ್ವಸ್ಥತೆಯನ್ನು ಹೆಚ್ಚುಕಡಿಮೆ ಒಂದೇ ವಾಕ್ಯದಲ್ಲಿ ವ್ಯಾಖ್ಯಾನಿಸುತ್ತವೆ. ಎರಡನೆಯದರಲ್ಲಿ ಮಾತ್ರ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಪರಿಣಾಮ ಸಣ್ಣದಲ್ಲ. ಚಿಕಿತ್ಸೆಯ ಹಕ್ಕು, ದೈಹಿಕ ಕಾಯಿಲೆಗೆ ಸಮನಾದ ಉಪಚಾರ ಎರಡನೆಯದರಲ್ಲಿ ಸಿಗುತ್ತವೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯದೆ, ಅದೇ ವೇತನದ ಬೇರೆ ಹುದ್ದೆಗೆ ಬದಲಿಸಬೇಕೆಂಬ 20(4)ನೇ ಕಲಂ ಮೊದಲನೆಯದರಲ್ಲಿದೆ. ಚಿಕಿತ್ಸೆ ಕೊಡುವ ಕಾಯ್ದೆ ವ್ಯಸನಿಯನ್ನು ಹೆಸರಿಸುತ್ತದೆ, ಕೆಲಸ ಉಳಿಸುವ ಕಾಯ್ದೆ ಹೆಸರಿಸುವುದಿಲ್ಲ. ರವೀಂದರ್ ಕುಮಾರ್ ಧಾರಿವಾಲ್ ಪ್ರಕರಣದಲ್ಲಿ (2021) ಸುಪ್ರೀಂ ಕೋರ್ಟ್, ಮಾನಸಿಕ ಅಂಗವೈಕಲ್ಯವುಳ್ಳವರ ಮೇಲೆ ಶಿಸ್ತುಕ್ರಮ ಆರಂಭಿಸುವುದನ್ನು ಪರೋಕ್ಷ ತಾರತಮ್ಯದ ಒಂದು ಮುಖವೆಂದು ಕಂಡಿತು. ಆ ಪ್ರಕರಣ ವ್ಯಸನದ್ದಲ್ಲ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ ಇದೇ ಪ್ರಶ್ನೆಯನ್ನು ನೇರವಾಗಿ ಬಗೆಹರಿಸಿತ್ತು: ಈಗಲೂ ಅಕ್ರಮ ಮಾದಕ ವಸ್ತು ಬಳಸುವವರನ್ನು ಹೊರಗಿಟ್ಟು, ಚೇತರಿಸಿಕೊಂಡು ಬಳಕೆ ಬಿಟ್ಟವರಿಗೆ ರಕ್ಷಣೆ ಕೊಟ್ಟಿತು.

ಮೇಲೆ ಹೇಳಿದ ಸ್ಟ್ಯಾಂಡಿಂಗ್ ಆರ್ಡರ್ಸ್ ಮತ್ತು ಇಎಸ್‌ಐ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಕೈಗಾರಿಕಾ ಸಂಬಂಧಗಳ ಸಂಹಿತೆ ಸ್ಟ್ಯಾಂಡಿಂಗ್ ಆರ್ಡರ್‌ಗಳನ್ನು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸೀಮಿತಗೊಳಿಸಿದೆ. ಇಎಸ್‌ಐ ವ್ಯಾಪ್ತಿಯಿಂದ ಋತುಮಾನದ ಕಾರ್ಖಾನೆಗಳಿಗಿದ್ದ ವಿನಾಯಿತಿಯನ್ನು ಸಾಮಾಜಿಕ ಭದ್ರತಾ ಸಂಹಿತೆ ಹಾಗೆಯೇ ಮುಂದುವರಿಸಿದೆ.