ಯಂತ್ರಕ್ಕೆ ಒಲಿದ ವ್ಯಾಕರಣ

ದಾಂಡೇಲಿಯ ಮಗ್ಗುಲಿನ ಮೌಳಂಗಿಯಲ್ಲಿ, ಕಾಳೀನದಿಯ ದಂಡೆಯ ಮೇಲೆ ಒಂದು ತಾಸು ಕುಳಿತವನ ಕಿವಿಗೆ ಒಂದೇ ಭಾಷೆ ಬೀಳುವುದಿಲ್ಲ. ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಬೀಳುತ್ತವೆ. ಒಂದರಿಂದ ಇನ್ನೊಂದಕ್ಕೆ ದಾಟುವುದು ಇಲ್ಲಿಯ ಚಿಕ್ಕ ಮಕ್ಕಳಿಗೂ ನೀರು ಕುಡಿದಷ್ಟು ಸುಲಭ. ಇದೇ ಕೆಲಸವನ್ನು ಯಂತ್ರದಿಂದ ಮಾಡಿಸಬೇಕೆಂದು ವಿದ್ವಾಂಸರು ಪಟ್ಟ ಪಾಡು ಎಪ್ಪತ್ತು ವರ್ಷಗಳಿಗೂ ಮಿಕ್ಕಿದ್ದು. ಅದರ ಒಂದು ಮುಖ್ಯ ಅಧ್ಯಾಯ ಕನ್ನಡದ ಮೇಲೆಯೇ ನಡೆಯಿತೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

1954ರ ಜನವರಿ 7ರಂದು ನ್ಯೂಯಾರ್ಕಿನಲ್ಲಿ ಐ.ಬಿ.ಎಂ. ಕಂಪನಿಯೂ ಜಾರ್ಜ್‌ಟೌನ್ ವಿಶ್ವವಿದ್ಯಾಲಯವೂ ಕೂಡಿ ಒಂದು ಪ್ರದರ್ಶನ ಏರ್ಪಡಿಸಿದುವು. ಗಣಕಯಂತ್ರವು ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತು. ಅದಕ್ಕೆ ಗೊತ್ತಿದ್ದದ್ದು 250 ಶಬ್ದಗಳು, ಆರು ನಿಯಮಗಳು. ಇನ್ನು ಮೂರರಿಂದ ಐದು ವರ್ಷಗಳಲ್ಲಿ ಭಾಷಾಂತರದ ಸಮಸ್ಯೆಯೇ ಮುಗಿದೀತೆಂದು ಹೇಳಿಕೊಂಡರು. ಮುಗಿಯಲಿಲ್ಲ. 1966ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು, ಯಂತ್ರದ ಕೆಲಸ ಮನುಷ್ಯನ ಕೆಲಸಕ್ಕಿಂತ ನಿಧಾನ, ದುಬಾರಿ ಮತ್ತು ತಪ್ಪುಗಳಿಂದ ತುಂಬಿದ್ದು ಎಂದು ವರದಿ ಕೊಟ್ಟಿತು. ಹಣದ ಒರತೆ ಬತ್ತಿತು.

ಶಬ್ದಗಳ ಪಟ್ಟಿಯಿಂದ ಭಾಷೆ ಕೈಗೆ ಬರುವುದಿಲ್ಲವೆಂಬುದು ಕನ್ನಡಿಗನಿಗೆ ಹೊಸ ಮಾತಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಶಬ್ದಗಳಿವೆ. ಆದರೆ 'ಮನೆಯಲ್ಲಿದ್ದವರಿಗೂ' ಎಂಬ ಮಾತನ್ನು ಅದರಲ್ಲಿ ಹುಡುಕಿದರೆ ಸಿಕ್ಕೀತೆ? ಮನೆ, ಅಲ್ಲಿ, ಇದ್ದ, ಅವರು, ಇಗೆ, ಊ ಎಂದು ಗಂಟುಗಳನ್ನು ಒಂದೊಂದಾಗಿ ಬಿಚ್ಚಬೇಕು. ನಡುವೆ ನುಸುಳಿದ ಯಕಾರವನ್ನು ಕಳೆಯಬೇಕು, ಲೋಪವಾದ ಸ್ವರಗಳನ್ನು ಮರಳಿ ತರಬೇಕು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಸಂಧಿಗೆ ಒಂದು ಪ್ರಕರಣವನ್ನು ಮೀಸಲಿಟ್ಟು, ಧಾತುಗಳನ್ನು ಒಂದೆಡೆ ಕಲೆಹಾಕಿಟ್ಟ. ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆಯುವ ನಮ್ಮ ವಿದ್ಯಾರ್ಥಿಗಳು ಬೇಸರಪಡುವ ಆ ಸೂತ್ರಗಳೇ ಯಂತ್ರಕ್ಕೆ ಬೇಕಾಗಿದ್ದ ಆಹಾರ.

ಅದನ್ನು ಮನಗಂಡವರು ಕಾನಪುರದ ಐ.ಐ.ಟಿ.ಯ ವಿನೀತ ಚೈತನ್ಯ, ರಾಜೀವ ಸಂಗಲ್ ಮತ್ತು ಅವರ ಸಂಗಡಿಗರು. ಅವರು ಕಟ್ಟಿದ 'ಅನುಸಾರಕ' ಎಂಬ ವ್ಯವಸ್ಥೆ ಕನ್ನಡದ ಬರಹವನ್ನು ಹಿಂದಿಯಲ್ಲಿ ಓದಿಸಲು ಹೊರಟಿತು. 1995ರಲ್ಲಿ ಪ್ರಕಟವಾದ ಅವರ ಗ್ರಂಥದ ಹೆಸರಿನಲ್ಲಿಯೇ ಪಾಣಿನಿ ಇದ್ದಾನೆ. ಕ್ರಿಯೆಗೂ ನಾಮಪದಕ್ಕೂ ಇರುವ ಕಾರಕಸಂಬಂಧವನ್ನೇ ಅವರು ಯಂತ್ರದ ಕೈಗೋಲಾಗಿ ಮಾಡಿದರು.

ಇಲ್ಲಿ ನಮ್ಮ ಕೃದಂತವು ಅವರನ್ನು ಅಡ್ಡಗಟ್ಟಿತು. 'ಊಟ ಮಾಡಿದ ಹುಡುಗ', 'ಊಟ ಮಾಡಿದ ತಟ್ಟೆ', 'ಊಟ ಮಾಡಿದ ಮನೆ' — ರೂಪ ಒಂದೇ. ಹುಡುಗ ಕರ್ತೃ, ತಟ್ಟೆ, ಮನೆಗಳು ಅಧಿಕರಣ. ನಮಗೆ ಗೊಂದಲವೇನೂ ಇಲ್ಲ, ತಟ್ಟೆ ಉಣ್ಣುವುದಿಲ್ಲವೆಂದು ಬಲ್ಲೆವು. ಹಿಂದಿಯಾದರೋ ಹುಡುಗನಿಗೆ 'ಜಿಸ್ ನೇ' ಎಂದೂ ತಟ್ಟೆಗೆ 'ಜಿಸ್ ಮೇಂ' ಎಂದೂ ಬೇರೆಬೇರೆ ಹೇಳದೆ ಬಿಡದು. ಲೋಕಜ್ಞಾನವಿಲ್ಲದ ಯಂತ್ರ ಏನು ಮಾಡಬೇಕು? ಅವರು ಊಹೆಗೆ ಕೈಹಾಕಲಿಲ್ಲ. 'ಜೋ' ಎಂಬುದರ ಮುಂದೆ ಒಂದು ನಕ್ಷತ್ರದ ಗುರುತು ಹಾಕಿ, ಸಂಬಂಧವನ್ನು ಓದುಗನೇ ತಿಳಿದುಕೊಳ್ಳಲಿ ಎಂದು ಬಿಟ್ಟರು. ಹಿಂದಿ ಒರಟಾಯಿತು, ಆದರೆ ಮೂಲದಲ್ಲಿ ಇಲ್ಲದ್ದನ್ನು ಸೇರಿಸಲಿಲ್ಲ. ಭಾಷಾಂತರಕಾರರಲ್ಲಿ ಎಷ್ಟು ಜನಕ್ಕೆ ಈ ಪ್ರಾಮಾಣಿಕತೆಯಿದೆಯೋ ನಾನರಿಯೆ!

ಆಮೇಲೆ ಗಾಳಿ ಬೇರೆ ಕಡೆಗೆ ಬೀಸಿತು. ಸೂತ್ರಗಳನ್ನು ಹೇಳಿಕೊಡುವ ಬದಲು, ಅಪಾರವಾದ ಬರಹವನ್ನು ಉಣಿಸಿ, ಯಾವ ಮಾತಿನ ಜೊತೆಗೆ ಯಾವ ಮಾತು ಬರುತ್ತದೆಂದು ಯಂತ್ರವೇ ಲೆಕ್ಕ ಹಾಕಿಕೊಳ್ಳುವ ಪದ್ಧತಿ ಬಂದಿತು. ಗೂಗಲ್ಲಿನ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಕೊಂಕಣಿ ಸೇರಲು 2022 ಆಗಬೇಕಾಯಿತು. ಇಂದಿನ ಯಂತ್ರದ ಕನ್ನಡ ಎಷ್ಟೋ ನಯವಾಗಿದೆ, ಒಪ್ಪುತ್ತೇನೆ. ವ್ಯಾಕರಣ ಪಾಠ ಹೇಳುವವನಿಗೆ ತುಸು ಹೊಟ್ಟೆಯುರಿಯಾದರೂ ಸರಿಯೆ. ಆದರೆ ಈ ನಯದಲ್ಲಿ ತಪ್ಪು ಊಹೆಯೂ ಅಡಗಿ ಕೂಡುತ್ತದೆ, ನಕ್ಷತ್ರದ ಗುರುತಂತೂ ಇಲ್ಲ.

ಇನ್ನೊಂದು ಮಾತು. ಸೂತ್ರದ ಪದ್ಧತಿಯಲ್ಲಿ ಒಂದು ಭಾಷೆಗೆ ಒಬ್ಬ ಒಳ್ಳೆಯ ವೈಯಾಕರಣ ಸಿಕ್ಕರೆ ದಾರಿಯಿತ್ತು. ಲೆಕ್ಕದ ಪದ್ಧತಿಗೆ ರಾಶಿರಾಶಿ ಬರಹವೇ ಬೇಕು. ದಾಂಡೇಲಿಯಲ್ಲಿ ಕಾಗದದ ಕಾರಖಾನೆ 1955ರಲ್ಲಿಯೇ ಸ್ಥಾಪನೆಯಾಯಿತು. ಅದರ ಸುತ್ತಲಿನ ಕಾಡಂಚಿನಲ್ಲಿ ಗೌಳಿಗರೂ ಸಿದ್ದಿಗಳೂ ಮನೆಯಲ್ಲಾಡುವ ನುಡಿ ಕಾಗದಕ್ಕೆ ಇಳಿದದ್ದು ತೀರ ಕಡಿಮೆ. ಯಂತ್ರ ಅವರೊಡನೆ ಮಾತಾಡಬೇಕಾದರೆ ಅವರ ಮನೆಮಾತನ್ನು ಬದಿಗಿಟ್ಟು ಬೇರೆಯವರ ಭಾಷೆಯಲ್ಲಿಯೇ ಆಡಬೇಕಾಗಿದೆ.