ಮಾ ಬೋಗಾಶ್ ಗಾಲಿ ಕಟ್ಟಿಕೊಂಡ ವರ್ಷ

ಸಂಜೆ ಆರರ ಹೊತ್ತಿಗೆ ಅಂಧೇರಿ ಪಶ್ಚಿಮದ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ನಾಲ್ಕು ಕಾರು ಅತ್ತ ಸರಿದರೆ ಸ್ಕೇಟಿಂಗ್ ಕ್ಲಾಸ್ ಶುರು. ಮಕ್ಕಳು ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ಸುತ್ತು ಹಾಕುತ್ತಾರೆ, ಅಮ್ಮಂದಿರು ನೀರಿನ ಬಾಟಲಿ ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಾರೆ. ಅವರಲ್ಲಿ ಒಬ್ಬರಿಗೂ ಅಲ್ಲಿ ಸ್ವಂತ ಹೆಸರಿಲ್ಲ. ಎಲ್ಲರೂ ಯಾರದೋ ‘ಮಮ್ಮಿ’. ಎಂಟು ತಿಂಗಳ ಮಗುವನ್ನೆತ್ತಿಕೊಂಡು ನಾನೂ ಅದೇ ಕಟ್ಟೆಯಲ್ಲಿ ಕೂತ ಒಂದು ದಿನ, ಗಾಲಿಯ ಮೇಲೆ ಅಮ್ಮನೇ ನಿಂತದ್ದು ಎಲ್ಲಾದರೂ ಉಂಟೇ ಎಂದು ಹುಡುಕತೊಡಗಿದೆ. ಸಿಕ್ಕಿದ್ದು ರೋಲರ್ ಡರ್ಬಿ ಎಂಬ ಆಟ. ಅದರ ಮೊದಲ ದಿನವೇ ಕಣದಲ್ಲಿ ಒಬ್ಬ ತಾಯಿಯಿದ್ದಳು.

1935ರ ಆಗಸ್ಟ್ 13, ಷಿಕಾಗೋದ ಕೊಲಿಸಿಯಂ ಸಭಾಂಗಣ. ಆರ್ಥಿಕ ಕುಸಿತದ ಕಾಲ. ಜನರಿಗೆ ಕೆಲಸವಿಲ್ಲ, ಅಗ್ಗದ ಮನರಂಜನೆ ಬೇಕು. ಲಿಯೋ ಸೆಲ್ಟ್ಜರ್ ಎಂಬ ಸಂಘಟಕ ಒಂದು ವಿಚಿತ್ರ ಪಂದ್ಯ ಹೂಡಿದ. ಗಂಡು ಹೆಣ್ಣು ಸೇರಿದ 25 ಜೋಡಿಗಳು ಒಬ್ಬರಾದ ಮೇಲೊಬ್ಬರು ಸ್ಕೇಟ್ ಮಾಡುತ್ತ, ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಇರುವಷ್ಟು ದೂರವನ್ನು, ಅಂದರೆ ಸುಮಾರು 3,000 ಮೈಲಿಯನ್ನು, ಅದೇ ಸಭಾಂಗಣದೊಳಗೆ ಸುತ್ತಿ ಸುತ್ತಿ ಮುಗಿಸಬೇಕು. ವಾರಗಟ್ಟಲೆ ನಡೆದ ಈ ಓಟದಲ್ಲಿ ಜೋಸೆಫೀನ್ ಬೋಗಾಶ್ ಎಂಬಾಕೆ ಬೆಳೆದ ಮಗ ಬಿಲ್ಲಿಯ ಜೊತೆ ಜೋಡಿಯಾಗಿ ಇಳಿದಿದ್ದಳು. ಜನ ಆಕೆಯನ್ನು ‘ಮಾ ಬೋಗಾಶ್’ ಎಂದೇ ಕರೆದರು. ಮುಂದೆ ತಾಯಿ ಮಗ ಇಬ್ಬರ ಹೆಸರೂ ಡರ್ಬಿಯ ಹಾಲ್ ಆಫ್ ಫೇಮ್ ಸೇರಿತು. ಆದರೆ ನೋಡಿ, ಅಲ್ಲಿಯೂ ಅವಳು ಬಿಲ್ಲಿಯ ಮಮ್ಮಿಯೇ.

ಆ ಕಾಲದ ಒಲಿಂಪಿಕ್ಸ್ 1928ರ ಪಂದ್ಯದ ನಂತರ ಹೆಂಗಸರ 800 ಮೀಟರ್ ಓಟವನ್ನು ಕೈಬಿಟ್ಟಿತ್ತು. ಅದು ಮರಳಿದ್ದು 1960ರಲ್ಲಿ. ಎರಡು ಸುತ್ತು ಓಡಿದರೆ ಹೆಣ್ಣಿನ ದೇಹ ತಡೆಯದು ಎಂಬ ದೊಡ್ಡವರ ಕಾಳಜಿ! ಇತ್ತ ಪತ್ರಕರ್ತ ಡೇಮನ್ ರನ್ಯನ್ ಸಲಹೆಯಂತೆ ಡರ್ಬಿ ಓಟದಿಂದ ಡಿಕ್ಕಿಯ ಆಟವಾಯಿತು. ಗಂಡಸರ ಸರದಿ, ಹೆಂಗಸರ ಸರದಿ ಒಂದಾದ ಮೇಲೊಂದು, ನಿಯಮ ಒಂದೇ, ಇಬ್ಬರ ಅಂಕಗಳನ್ನೂ ಕೂಡಿಸಿ ತಂಡದ ಗೆಲುವು. ಟೀವಿ ಬಂದ ಮೇಲೆ ಮನೆಮಾತಾದ ಜೆರ್ರಿ ಮರ್ರಿಯ ಮಗ ಮೈಕ್ ಗ್ಯಾಮನ್ ಕೂಡ ಮುಂದೆ ಡರ್ಬಿ ತಾರೆಯಾದ. ಆದರೆ ಯಜಮಾನಿಕೆ ಸೆಲ್ಟ್ಜರ್ ಮನೆತನದ್ದು. 1973ರಲ್ಲಿ ಲಿಯೋನ ಮಗ ಅಂಗಡಿ ಮುಚ್ಚಿದಾಗ ಆಡುವವರ ಅಭಿಪ್ರಾಯ ಲೆಕ್ಕಕ್ಕೆ ಬರಲಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಇದರ ಎರಡನೇ ಹುಟ್ಟು. 2001ರ ಸುಮಾರಿಗೆ ಟೆಕ್ಸಾಸಿನ ಆಸ್ಟಿನ್ ನಗರದ ಹೆಂಗಸರು ಈ ಆಟವನ್ನು ಮತ್ತೆ ಎತ್ತಿಕೊಂಡರು. 2003ರಲ್ಲಿ ಟೆಕ್ಸಾಸ್ ರೋಲರ್‌ಗರ್ಲ್ಸ್ ಸಮತಟ್ಟು ನೆಲಕ್ಕೇ ಆಟವನ್ನು ಇಳಿಸಿದರು. ದುಬಾರಿ ಇಳಿಜಾರು ಟ್ರ್ಯಾಕ್ ಬೇಡ. ಗಟ್ಟಿ ನೆಲವೂ ಗುರುತು ಹಾಕಲು ಟೇಪೂ ಇದ್ದರೆ ಸಾಕು. ತಂಡ, ನಿಯಮ, ಹಣಕಾಸು ಎಲ್ಲ ಆಟಗಾರ್ತಿಯರ ಕೈಯಲ್ಲೇ. ದಾದಿಯರು, ಮೇಡಂಗಳು, ಹಸುಗೂಸಿನ ತಾಯಂದಿರು ಕೆಲಸ ಮುಗಿಸಿ ಬಂದು ಆಡಿದರು. ಡ್ರೂ ಬ್ಯಾರಿಮೋರ್ 2009ರಲ್ಲಿ ನಿರ್ದೇಶಿಸಿದ ‘ವಿಪ್ ಇಟ್’ ಚಿತ್ರದಲ್ಲೂ ತಂಡದ ಹಿರಿಯಕ್ಕನಂಥ ಆಟಗಾರ್ತಿ ಒಬ್ಬ ಹುಡುಗನ ತಾಯಿ. ಪ್ರತಿಯೊಬ್ಬಳೂ ತನಗೆ ತಾನೇ ಒಂದು ತುಂಟ ಹೆಸರಿಟ್ಟುಕೊಳ್ಳುವ ರೂಢಿ ಬೆಳೆಯಿತು. ಅಪ್ಪನದಲ್ಲ, ಗಂಡನದಲ್ಲ, ಮಗುವಿನದೂ ಅಲ್ಲ.

ಬಾಣಂತನಕ್ಕೆಂದು ಕಾರ್ಕಳದಿಂದ ಬಂದಿದ್ದ ಅಮ್ಮನಿಗೆ ಮೊಬೈಲಿನಲ್ಲಿ ಒಂದು ಪಂದ್ಯ ತೋರಿಸಿದೆ. ಕಡೆಗೆ ಐದೈದು ಜನ. ಹೆಲ್ಮೆಟ್ಟಿನ ಮೇಲೆ ನಕ್ಷತ್ರವಿರುವವಳು ಜ್ಯಾಮರ್. ಎರಡು ನಿಮಿಷದೊಳಗೆ ಎದುರಾಳಿಗಳನ್ನು ನುಗ್ಗಿ ದಾಟಬೇಕು, ದಾಟಿದ ತಲೆಗೊಂದು ಅಂಕ. ಕೈಯಲ್ಲಿ ಹಿಡಿಯುವಂತಿಲ್ಲ, ಸೊಂಟ ಭುಜದಿಂದ ತಡೆಯಬೇಕು. ಅಮ್ಮ ಎರಡೇ ನಿಮಿಷ ನೋಡಿ, “ಇದು ನಮ್ಮ ಕಬಡ್ಡಿಯೇ ಅಲ್ವಾ ಮಗಾ, ಗಾಲಿ ಒಂದು ಜಾಸ್ತಿ” ಅಂದಳು. ಕಾರ್ಕಳದವರಿಗೆ ಮಮತಾ ಪೂಜಾರಿ ಮನೆಮಗಳು. 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಮೈಗೆ ಮೈ ತಾಗುವ ಆಟ ಹೆಣ್ಣಿಗೆ ಹೇಳಿದ್ದಲ್ಲ ಎಂಬ ಮಾತು ಅಮ್ಮನ ಬಾಯಲ್ಲಿ ಬರಲಿಲ್ಲ. ಬಂದದ್ದು, “ಹಸಿ ಮೈ, ಸ್ವಲ್ಪ ತಡಿ” ಅಂತ.

ಆ ಮಾತು ಸುಳ್ಳಲ್ಲ. ಹೆರಿಗೆಯಾದ ಮೇಲೆ ಹೊಟ್ಟೆಯ, ಸೊಂಟದ ಸ್ನಾಯುಗಳು ಬಿಗಿಗೊಳ್ಳಲು ತಿಂಗಳುಗಳೇ ಬೇಕು. ಡಿಕ್ಕಿಯ ಆಟ ಕಟ್ಟಕಡೆಗೆ. ಇದೇ ಮುಂಬಯಿ ಪ್ರಾಂತ್ಯದಲ್ಲಿ 1929ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆ ಬಂತು. ಹಿಂದಿನ ವರ್ಷ ಅದರ ಪರವಾಗಿ ಅಂಬೇಡ್ಕರ್ ವಿಧಾನ ಪರಿಷತ್ತಿನಲ್ಲಿ ಮಾತಾಡಿದ್ದರು. 2017ರಿಂದ ರಜೆ 26 ವಾರ. ಬಾಣಂತಿ ಎಷ್ಟು ದಿನ ಮಲಗಬೇಕು, ಯಾವಾಗ ಕೆಲಸಕ್ಕೆ ಮರಳಬೇಕು ಎಂಬ ಲೆಕ್ಕವೇನೋ ಸಿಕ್ಕಿತು. ಅವಳು ಆಟಕ್ಕೆ ಯಾವಾಗ ಮರಳಬೇಕೆಂದು ಕೇಳಿದವರು ಕಡಿಮೆ. ಹೊಸ ತಾಯಂದಿರ ವ್ಯಾಯಾಮದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಪ್ರತ್ಯೇಕ ಮಾತು ಸೇರಿದ್ದೇ 2020ರಲ್ಲಿ.

ನಮ್ಮಲ್ಲಿ ಗಾಲಿಯಾಟ ಇನ್ನೂ ಹೆಚ್ಚಾಗಿ ಮಕ್ಕಳದ್ದು, ಪದಕದ್ದು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಹುಡುಗಿಯರು 3,000 ಮೀಟರ್ ರಿಲೇಯಲ್ಲಿ ಕಂಚು ಗೆದ್ದಾಗ ಕಟ್ಟೆಯ ಮೇಲಿನ ಅಮ್ಮಂದಿರಿಗೆಲ್ಲ ಹೆಮ್ಮೆ. ಅಲ್ಲಿಂದ ಯಾರೂ ಎದ್ದಿರಲಿಲ್ಲ, ಅಷ್ಟೆ.

ಈಗ ಮೂವರು ಎದ್ದಿದ್ದೇವೆ. ಮಕ್ಕಳ ಕ್ಲಾಸಿಗೆ ಮೊದಲು ಕೋಚ್ ನಮಗೆ ಅರ್ಧ ಗಂಟೆ ಕೊಡುತ್ತಾನೆ. ಡರ್ಬಿಗೆ ಇದು ಸಾಲದು, ಒಂದು ಕಡೆಗೇ ಐವರು ಬೇಕು. ಮೊದಲ ವಾರವಿಡೀ ಬೀಳುವುದನ್ನೇ ಕಲಿತೆವು: ಕೈಕಾಲು ಚಾಚದೆ, ಮೈ ಕುಗ್ಗಿಸಿ, ಪ್ಯಾಡಿನ ಮೇಲೆ ಬಿದ್ದು ತಟಕ್ಕನೆ ಏಳುವುದು. ಎರಡನೇ ವಾರ ಹೆಲ್ಮೆಟ್ಟಿಗೆ ಹೆಸರು ಬರೆದುಕೊಂಡೆವು. ನನ್ನದು ‘ಕಾರ್ಕಳ ಎಕ್ಸ್‌ಪ್ರೆಸ್’. ಫೋನಿನಲ್ಲಿ ಹೇಳಿದಾಗ ಅಮ್ಮ ತುಸು ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕಳು: “ಕಾರ್ಕಳಕ್ಕೆ ರೈಲೇ ಇಲ್ಲವಲ್ಲ ಮಗಾ!”