ಕಲಂ 377: ಹಳೆಯ ಶಿಕ್ಷೆಗಳಿಗೆ ಬಿಡುಗಡೆ ಉಂಟೇ?

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಭಾಗಗಳು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. 1862ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ದಂಡಸಂಹಿತೆಯ 377ನೇ ಕಲಂ, ನಿಸರ್ಗದ ಕ್ರಮಕ್ಕೆ ವಿರುದ್ಧವೆನ್ನಲಾದ ಸಂಭೋಗಕ್ಕೆ ಹತ್ತು ವರ್ಷದವರೆಗಿನ ಸೆರೆವಾಸ ಇಲ್ಲವೇ ಜೀವಾವಧಿ ಶಿಕ್ಷೆ ವಿಧಿಸುತ್ತಿತ್ತು. ಸವಣೂರು ವಿಲೀನಗೊಂಡ ಮೇಲೆ ನಾಲ್ಕೂ ತಾಲೂಕುಗಳು ಇದೇ ಕಾನೂನಿನಡಿ ಬಂದವು.

ವಯಸ್ಕರಿಬ್ಬರು ಪರಸ್ಪರ ಒಪ್ಪಿಗೆಯಿಂದ ಖಾಸಗಿಯಾಗಿ ನಡೆಸುವ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 6ರಂದು ಸಾರಿತು. ಈ ತೀರ್ಪಿಗೆ ಬುನಾದಿಯಾದುದು 2017ರ ಖಾಸಗಿತನದ ತೀರ್ಪು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಹಾಗಾದರೆ 2018ಕ್ಕೆ ಮೊದಲೇ ಶಿಕ್ಷೆಯಾದವರ ಗತಿ ಏನು? ನ್ಯಾಯಮೂರ್ತಿ ಇಂದು ಮಲ್ಹೋತ್ರಾ ತಮ್ಮ ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ವಿಚಾರಣೆ ಅಥವಾ ಮೇಲ್ಮನವಿಯ ಹಂತದಲ್ಲಿರುವ ಪ್ರಕರಣಗಳಲ್ಲಿ ಹೊಸ ತೀರ್ಪನ್ನು ಆಧಾರವಾಗಿ ಬಳಸಬಹುದು. ಮುಗಿದುಹೋದ ಪ್ರಕರಣಗಳನ್ನು ಮತ್ತೆ ತೆರೆಯುವಂತಿಲ್ಲ. ಇತಿಹಾಸವು ಈ ಜನರ ಕ್ಷಮೆ ಕೇಳಬೇಕಾಗಿದೆ ಎಂಬರ್ಥದ ಮಾತನ್ನು ಬರೆದವರೂ ಅವರೇ. ಕ್ಷಮೆ ಕೇಳಿದ ತೀರ್ಪಿನಲ್ಲಿಯೇ ಹಳೆಯ ಕಡತ ಮುಚ್ಚಿಕೊಂಡಿತು.

ಈ ಕಾನೂನನ್ನು ಕೊಟ್ಟ ಇಂಗ್ಲೆಂಡು ತಾನು ಬೇರೆ ದಾರಿ ಹಿಡಿಯಿತು. ಅಲ್ಲಿ 2012ರ ಕಾಯ್ದೆಯ ಮೇರೆಗೆ, ಶಿಕ್ಷೆಗೊಳಗಾದ ಸಲಿಂಗಿ ಪುರುಷರು ತಮ್ಮ ದಾಖಲೆಯನ್ನು ಅಳಿಸುವಂತೆ ಅರ್ಜಿ ಸಲ್ಲಿಸಬಹುದು. 2017ರ ಕಾಯ್ದೆ ಮೃತರಿಗೂ ಕ್ಷಮಾದಾನ ನೀಡಿತು. 1952ರಲ್ಲಿ ಶಿಕ್ಷೆಗೊಳಗಾದ ಗಣಿತಜ್ಞ ಅಲನ್ ಟ್ಯೂರಿಂಗ್‌ಗೆ 2013ರಲ್ಲಿಯೇ ರಾಜಕ್ಷಮೆ ದೊರೆತಿತ್ತು. (ಟ್ಯೂರಿಂಗ್‌ನ ತಂದೆ, ಬಳ್ಳಾರಿ ಮಂಗಳೂರುಗಳನ್ನೂ ಒಳಗೊಂಡಿದ್ದ ಅಂದಿನ ಮದ್ರಾಸ್ ಪ್ರಾಂತದಲ್ಲಿ ಐಸಿಎಸ್ ಅಧಿಕಾರಿಯಾಗಿದ್ದರು.) ಜರ್ಮನಿ 2017ರಲ್ಲಿ ಶಿಕ್ಷೆಗಳನ್ನೇ ರದ್ದುಪಡಿಸಿ, ಪ್ರತಿ ಶಿಕ್ಷೆಗೆ 3,000 ಯೂರೋ ಹಾಗೂ ಸೆರೆವಾಸದ ಪ್ರತಿ ವರ್ಷಕ್ಕೆ 1,500 ಯೂರೋ ಪರಿಹಾರ ಗೊತ್ತುಮಾಡಿತು.

ಭಾರತದಲ್ಲಿ ಇಂಥ ಯೋಜನೆ ಇಲ್ಲ. ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗೂ 72ನೇ ವಿಧಿಯಡಿ ರಾಷ್ಟ್ರಪತಿಗೂ ಕ್ಷಮಾದಾನದ ಅಧಿಕಾರವಿದೆಯಾದರೂ, ಕ್ಷಮಾದಾನವು ನ್ಯಾಯಾಲಯದ ದಾಖಲೆಯನ್ನು ತಿದ್ದುವುದಿಲ್ಲವೆಂದು ಕೆಹರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ನಾಳೆ ಯೋಜನೆಯೊಂದು ಬಂದರೂ ಅದರ ಜಾರಿ ಸುಲಭವಲ್ಲ. ಮಕ್ಕಳ ಮೇಲಿನ ದೌರ್ಜನ್ಯ, ಬಲಾತ್ಕಾರಗಳಿಗೂ ಇದೇ ಕಲಮನ್ನು ಬಳಸಲಾಗುತ್ತಿತ್ತು; ಆ ಶಿಕ್ಷೆಗಳು ಅಳಿಯಕೂಡದು. ಆದುದರಿಂದ ಪ್ರತಿಯೊಂದು ಕಡತವನ್ನೂ ಬಿಡಿಬಿಡಿಯಾಗಿ ಪರಿಶೀಲಿಸಬೇಕು. ಆದರೆ ಒಪ್ಪಿಗೆ ಇತ್ತೇ ಇಲ್ಲವೇ ಎಂಬುದು ಕಾನೂನಿಗೆ ಬೇಡವಾಗಿದ್ದ ಕಾರಣ, ಹಳೆಯ ತೀರ್ಪುಗಳಲ್ಲಿ ಅದರ ಉಲ್ಲೇಖವನ್ನು ಕಾಣಬೇಕೆಂದೇನೂ ಇಲ್ಲ. ಹಾನಗಲ್ಲಿನ ಹಳೆಯ ಮೊಕದ್ದಮೆಯೊಂದರ ಕಾಗದ ಹುಡುಕಬೇಕೆಂದರೆ, ಹಾವೇರಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನದಕ್ಕೆ ಧಾರವಾಡ, 1956ಕ್ಕೂ ಹಿಂದಿನ ಮೇಲ್ಮನವಿಯಾದರೆ ಮುಂಬಯಿ ಹೈಕೋರ್ಟು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಈ ಕಲಮಿನ ಪ್ರಕರಣಗಳನ್ನು ಪ್ರತ್ಯೇಕವಾಗಿ ಎಣಿಸಲು ಆರಂಭಿಸಿದ್ದೇ 2014ರಲ್ಲಿ.

ವಾಸ್ತವದಲ್ಲಿ ಈ ಕಲಮು ತೀರ್ಪಿಗಿಂತ ಹೆಚ್ಚಾಗಿ ಬೆದರಿಕೆಯಾಗಿ ಕೆಲಸ ಮಾಡಿತು. ಪಿಯುಸಿಎಲ್ ಸಂಘಟನೆಯ ಕರ್ನಾಟಕ ಘಟಕವು 2001ರಲ್ಲಿ ಬೆಂಗಳೂರನ್ನು ಕುರಿತು ಹೊರತಂದ ವರದಿಯಲ್ಲಿ ಪೊಲೀಸರ ಹಣ ವಸೂಲಿ, ಅಕ್ರಮ ಬಂಧನ, ಮನೆಯವರಿಗೆ ತಿಳಿಸುವ ಬೆದರಿಕೆಗಳ ವಿವರಗಳಿವೆ. ಇಂಥವುಗಳಿಗೆ ಎಫ್‌ಐಆರ್ ಇರುವುದಿಲ್ಲ, ಆದ್ದರಿಂದ ಅಳಿಸಲು ದಾಖಲೆಯೂ ಇಲ್ಲ. ಇಂಗ್ಲೆಂಡಿನ ಮಾದರಿಯನ್ನು ಹಾಗೆಯೇ ತಂದರೆ, ಅತಿ ಹೆಚ್ಚು ನೊಂದವರೇ ಅದರ ಹೊರಗೆ ಉಳಿದಾರು. ಬೆಂಗಳೂರಿನ ಉದ್ಯಾನದಲ್ಲಿ ಸಿಕ್ಕಿಬಿದ್ದವನು ಮರುದಿನ ಜನಸಂದಣಿಯಲ್ಲಿ ಮರೆಯಾಗಬಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಸವಣೂರು, ಹಿರೇಕೆರೂರಿನಂಥ ಊರುಗಳಲ್ಲಿ ಆ ಅವಕಾಶವೂ ಇಲ್ಲ.

ಈ ಸೀಮೆಗೆ ಜೋಗಪ್ಪಂದಿರು ಅಪರಿಚಿತರಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಅವರಿಗೆ ಸಲ್ಲುವ ಗೌರವ, ದೇವಿಯ ಹೆಸರಿಲ್ಲದೆ ಬಾಳಬಯಸುವ ಸಲಿಂಗಿ ಯುವಕನಿಗೆ ಸಲ್ಲುವುದಿಲ್ಲ. ಮದುವೆ ಮಾಡಿದರೆ ಸರಿಹೋದೀತೆಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಹೆಣ್ಣೊಬ್ಬಳ ಬಾಳನ್ನೂ ಕೆಡಿಸುತ್ತದೆ. ಇದನ್ನು ರೋಗವೆಂದು ಬಗೆದು ಚಿಕಿತ್ಸೆಯಿಂದ ಬದಲಿಸಲು ಹೊರಡುವುದು ವೈದ್ಯರಿಗೆ ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ತೀರ್ಪಿಗೆ ವ್ಯಾಪಕ ಪ್ರಚಾರ ಕೊಡಬೇಕು, ಅಧಿಕಾರಿಗಳಿಗೆ, ವಿಶೇಷವಾಗಿ ಪೊಲೀಸರಿಗೆ ತಿಳಿವಳಿಕೆ ನೀಡಬೇಕು ಎಂದು ನ್ಯಾಯಮೂರ್ತಿ ರೋಹಿಂಟನ್ ನರಿಮನ್ 2018ರ ತೀರ್ಪಿನಲ್ಲಿ ಕೇಂದ್ರ ಸರಕಾರಕ್ಕೆ ನಿರ್ದೇಶಿಸಿದ್ದರು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮಾನವಾದ ಕಲಮೇ ಇಲ್ಲ. ಇದರಿಂದ ವಯಸ್ಕ ಪುರುಷನ ಮೇಲಿನ ಬಲಾತ್ಕಾರಕ್ಕೆ ಪ್ರತ್ಯೇಕ ಕಲಮಿಲ್ಲದಂತಾದ ಕೊರತೆಯನ್ನು ದೆಹಲಿ ಹೈಕೋರ್ಟು ಅದೇ ಆಗಸ್ಟಿನಲ್ಲಿ ಎತ್ತಿ ತೋರಿಸಿತು. ಹಳೆಯ ಸಂಹಿತೆಯಡಿ ಆಗಲೇ ವಿಧಿಸಲಾದ ಶಿಕ್ಷೆಗಳು ಮಾತ್ರ ಹೊಸ ಸಂಹಿತೆಯ ಉಳಿಕೆ ನಿಯಮದ ಮೇರೆಗೆ ಹಾಗೆಯೇ ಉಳಿದುಕೊಂಡಿವೆ. ಹಾವೇರಿ ಜಿಲ್ಲೆಯವರ ಬಾಕಿ ಮೇಲ್ಮನವಿಗಳಿದ್ದರೆ ಅವು ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬರುತ್ತವೆ.